ಬಿಡಲೊಲ್ಲದ ಬೆರಳು

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು. ಆಲೂರು, ಬಾಳ್ಳುಪೇಟೆ, ಸಕಲೇಶಪುರದ ಸುತ್ತಲಿನ ಎಸ್ಟೇಟುಗಳಿಗೆ ಕಂಬ ನೆಟ್ಟು ತಂತಿ ಎಳೆದು ಫೋನು ಕೊಡುತ್ತಿದ್ದ ಕಾಲದಲ್ಲಿ ಜನ ನನಗೆ ಮುಖಕ್ಕಿಂತ ಮೊದಲು ದನಿಯಿಂದ ಪರಿಚಯವಾಗುತ್ತಿದ್ದರು. ನನ್ನ ಗೆಳೆಯನೂ ಹಾಗೆಯೇ. ದೋಣಿಗಲ್ಲಿನಿಂದ ಒಳಗೆ, ಘಟ್ಟದ ಅಂಚಿನಲ್ಲಿ ಅವನದೊಂದು ಸಣ್ಣ ಕಾಫಿ ತೋಟ. ಜೋರು ಗಾಳಿ ಬೀಸಿದರೆ ಸಿಲ್ವರ್ ಓಕ್ ಮರದ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತಿತ್ತು. ಮರುದಿನ ಪಕ್ಕದ ಎಸ್ಟೇಟಿನ ಫೋನಿನಿಂದ ಅವನ ದೂರು. ದೂರು ಹೇಳುವಾಗಲೂ ನಗುತ್ತಿದ್ದ ಮನುಷ್ಯ ಅವನೊಬ್ಬನೇ ಎಂದು ಕಾಣುತ್ತದೆ. ಕಂಬ ಹತ್ತಿ ಇಳಿದರೆ ಅವನ ಹೆಂಡತಿ ಕಾಫಿ ಇಟ್ಟಿರುತ್ತಿದ್ದಳು. ಹಾಗೆ ಶುರುವಾದ ಸ್ನೇಹ ತಂತಿಗಳೆಲ್ಲ ಹೋದ ಮೇಲೂ ಉಳಿಯಿತು.

ಅವನ ತಾತನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರಿಶ್ಚಿಯನ್ನರ ಮನೆ ಅದು. ಮನೆಯೊಳಗೆ ಕೊಂಕಣಿ, ಅಂಗಳಕ್ಕೆ ಕಾಲಿಟ್ಟರೆ ನಮ್ಮದೇ ಕನ್ನಡ. ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ನಾನು ಮದುವೆಯಾಗಲಿಲ್ಲ. ತಾಯಿ ಇರುವವರೆಗೆ ಅವರ ಜೊತೆ ಇದ್ದೆ. ಅವರು ಹೋದ ಮೇಲೆ ಬಾಳ್ಳುಪೇಟೆಯ ಹೆದ್ದಾರಿ ಹಿಂದಿನ ಮನೆಯಲ್ಲಿ ಒಬ್ಬನೇ. ಲ್ಯಾಂಡ್‌ಲೈನುಗಳು ಒಂದೊಂದಾಗಿ ಕಡಿಮೆಯಾಗಿ, ಎಕ್ಸ್‌ಚೇಂಜಿನ ರ‍್ಯಾಕುಗಳು ಸದ್ದಿಲ್ಲದೆ ನಿಂತ ಮೇಲೆ ವಯಸ್ಸಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡೆ. ಆಮೇಲೆ ವಾರದಲ್ಲಿ ಒಬ್ಬರು ನನ್ನ ದಾರಿ ಕಾಯುವ ದಿನ ಎಂದರೆ ಭಾನುವಾರ ಮಾತ್ರ. ಗೆಳೆಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ವಾಪಸು ಬರುವ ಹೊತ್ತಿಗೆ ನಾನು ಬಸ್ಸಿಳಿದು ಅವನ ತೋಟದ ಗೇಟಿನ ಹತ್ತಿರ ಇರುತ್ತಿದ್ದೆ.

ಬಂದೂಕಿನ ಆಟ ನಮಗೆ ಅಂಟಿಕೊಂಡದ್ದು ಅವನ ಒಂದು ವ್ಯವಹಾರದಿಂದ. ಹೋಂಸ್ಟೇಗಳಿಗೆ ಬರುವ ಪ್ರವಾಸಿಗರಿಗೆಂದು ತೋಟದ ಕೆಳಗಿನ ಪಾಳುಬಿದ್ದ ಜಾಗದಲ್ಲಿ ಅವನು ಯುದ್ಧದ ಆಟ ನಡೆಸುತ್ತಿದ್ದ. ಮರಳಿನ ಚೀಲ, ಹಳೇ ಡ್ರಮ್ಮು, ಕಣ್ಣಿಗೆ ದಪ್ಪ ಕನ್ನಡಕ. ನೋಡಲು ಅಸಲಿಯಂತೆಯೇ ಇರುವ ಆಟದ ಬಂದೂಕುಗಳು. ಅದರಿಂದ ಹಾರುವುದು ಹಸಿ ಕಾಳುಮೆಣಸಿನಷ್ಟು ಗಾತ್ರದ ಬಿಳಿ ಪ್ಲಾಸ್ಟಿಕ್ ಮಣಿ. ಒಳಗೆ ಒಂದು ಬ್ಯಾಟರಿ, ಪುಟ್ಟ ಮೋಟಾರು, ಗೇರು. ಗೇರು ತಿರುಗಿ ಪಿಸ್ಟನ್ನನ್ನು ಹಿಂದಕ್ಕೆಳೆದು ಬಿಡುತ್ತದೆ, ಸ್ಪ್ರಿಂಗು ಅದನ್ನು ಮುಂದಕ್ಕೆ ದಬ್ಬುತ್ತದೆ, ಆ ಗಾಳಿಗೆ ಮಣಿ ಹಾರುತ್ತದೆ. ಬೆರಳು ಟ್ರಿಗರಿನ ಮೇಲೆ ಇರುವಷ್ಟು ಹೊತ್ತೂ ಇದು ನಡೆಯುತ್ತಲೇ ಇರುತ್ತದೆ.

ಕೊರೋನಾದಲ್ಲಿ ಜನ ಬರುವುದು ನಿಂತು ಆಟ ಮುಚ್ಚಿತು. ಮಿಕ್ಕ ಬಂದೂಕುಗಳನ್ನು ಮಾರಿ ಎರಡನ್ನು ಉಳಿಸಿಕೊಂಡ. ಒಂದು ಅವನದು, ಒಂದು ನನ್ನದು. ಭಾನುವಾರ ಕಾಫಿ ಕಣದ ಮೋಟುಗೋಡೆಯ ಮೇಲೆ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಹೊಡೆಯುತ್ತಿದ್ದೆವು. ಸೋತವನು ಪಾತ್ರೆ ತೊಳೆಯಬೇಕು. ಹೆಚ್ಚಾಗಿ ತೊಳೆದವನು ನಾನೇ. ಅವನ ಬೆರಳಿನಲ್ಲಿ ಏನೋ ಇತ್ತು. ಟ್ರಿಗರನ್ನು ಮುಟ್ಟಿದನೋ ಇಲ್ಲವೋ ಎನ್ನುವಂತೆ ಮುಟ್ಟಿ ಬಿಡುತ್ತಿದ್ದ. ಎರಡೋ ಮೂರೋ ಮಣಿ, ಅಷ್ಟೇ. ಡಬ್ಬಿ ಉರುಳುತ್ತಿತ್ತು. ನಾನು ಒತ್ತಿದರೆ ಹಿಡಿ ತುಂಬ ಕಾಳು ಎರಚಿದ ಹಾಗಾಗುತ್ತಿತ್ತು. "ಭತ್ತ ಎರಚ್ತಿದೀಯೇನೋ" ಎಂದು ಹಂಗಿಸುತ್ತಿದ್ದ.

ಒಂದು ವರ್ಷ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಅವನು ಸ್ಟೋರಿನ ಬಾಗಿಲಲ್ಲಿ ಕುಸಿದು ಬಿದ್ದ. ಲಕ್ವ. ಹಾಸನಕ್ಕೆ ಒಯ್ದು, ಅಲ್ಲಿಂದ ಮಂಗಳೂರಿಗೆ ಕರೆದುಕೊಂಡು ಹೋದರು. ಬಹಳ ದಿನ ಅಲ್ಲಿಯೇ ಇದ್ದ. ವಾಪಸು ಬಂದಾಗ ಬಲಗಾಲು ಎಳೆಯುತ್ತಿತ್ತು, ಮಾತು ನಿಧಾನವಾಗಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈಯ ಸ್ಥಿತಿ ಮಾತ್ರ ವಿಚಿತ್ರ. ಬೆರಳುಗಳು ಮಡಚುತ್ತಿದ್ದವು, ಬಿಚ್ಚುತ್ತಿರಲಿಲ್ಲ. ಲೋಟ ಹಿಡಿಯಬಲ್ಲ, ಕೆಳಗಿಡಲಾರ. ಕುಡಿದಾದ ಮೇಲೆ ಎಡಗೈಯಿಂದ ಬೆರಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ನಾನು ನೋಡಲು ಹೋದ ಮೊದಲ ಭಾನುವಾರ ಅವನೇ ಬಂದೂಕು ಕೇಳಿದ. ಹೆಂಡತಿ ಬೇಡವೆಂದಳು. ಅವನು ಕೇಳಲಿಲ್ಲ. ಕುರ್ಚಿಯಲ್ಲಿ ಕೂತು, ಎಡಗೈ ಮೇಲೆ ಬಂದೂಕನ್ನು ಊರಿ ಒತ್ತಿದ. ಡಬ್ಬಿಗಳು ಹಾರಿದವು, ಗೋಡೆಯ ಆಚೆಯ ಗಿಡದ ಎಲೆಗಳು ಹಾರಿದವು, ಬಂದೂಕು ನಿಲ್ಲಲಿಲ್ಲ. ಮ್ಯಾಗಜೀನಿನಲ್ಲಿದ್ದ ಮಣಿಯೆಲ್ಲ ಮುಗಿದರೂ ಮೋಟಾರು ಬರಿದೇ ಗರಗರ ಎನ್ನುತ್ತಲೇ ಇತ್ತು. ಅವನು ತನ್ನ ಬೆರಳನ್ನೇ ನೋಡುತ್ತಿದ್ದ. ಕಡೆಗೆ ಎಡಗೈಯಿಂದ ಅದನ್ನು ಎತ್ತಿ ಬಿಡಿಸಿದ. ಬಿಸಿಲು ಜಾಸ್ತಿಯಾಯಿತು, ಒಳಗೆ ಹೋಗೋಣ ಎಂದ. ಆವತ್ತು ಮೋಡ ಕವಿದಿತ್ತು.

ಮುಂದಿನ ವಾರ ಹೊರಡುವಷ್ಟರಲ್ಲಿ ಫೋನು ಬಂತು. ಇಗರ್ಜಿಯವರು ಮನೆಗೆ ಬರುತ್ತಾರಂತೆ, ಇನ್ನೊಂದು ದಿನ ಬಾ ಎಂದ. ಅದರ ಮುಂದಿನ ವಾರ ತೋಟಕ್ಕೆ ಆನೆ ಬಂದಿದೆ, ಬರಬೇಡ ಎಂದ. ನಮ್ಮ ಕಡೆ ಆನೆಗಳು ಎಲ್ಲಿವೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ತೆಗೆದು ನೋಡಿದೆ. ಆವತ್ತು ಆನೆಗಳಿದ್ದದ್ದು ಆಲೂರಿನ ಕಡೆ. ಬಸ್ಸಿಗೆಂದು ಹಾಕಿಕೊಂಡಿದ್ದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ.

ಆಮೇಲಿನ ಭಾನುವಾರಗಳನ್ನು ಹೇಗೆ ಕಳೆದೆ ಎಂದು ಹೇಳುವುದು ಕಷ್ಟ, ಹೇಳುವಂಥದ್ದೇನೂ ನಡೆಯಲಿಲ್ಲ. ಹೆದ್ದಾರಿ ಬದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಲಾರಿ ಡ್ರೈವರುಗಳು ಒಬ್ಬರಿಗೊಬ್ಬರು ಕೂಗಿ ಮಾತಾಡುವುದನ್ನು ಕೇಳುತ್ತಿದ್ದೆ. ಪೇಪರನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಓದುತ್ತಿದ್ದೆ. ಒಂದು ಸಂಜೆ ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್" ಎನ್ನಲು ಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ ಮತ್ತೆ ಹೇಳಿದೆ. ಅದು ಆ ದಿನದ ನನ್ನ ಮೊದಲ ಮಾತು ಎಂದು ಆಗ ತಿಳಿಯಿತು.

ಬೆರಳು ಬಿಡದಿದ್ದರೇನು, ಬಂದೂಕೇ ತಾನಾಗಿ ನಿಲ್ಲುವಂತೆ ಮಾಡಿದರೆ? ಈ ಯೋಚನೆ ಬಂದದ್ದು ಹಳೇ ಕೆಲಸದ ನೆನಪಿನಿಂದ. ಡಯಲ್ ತಿರುಗಿಸುವ ಫೋನಿನ ಕಾಲದಲ್ಲಿ ತಂತಿಯಲ್ಲಿ ಬರುವ ತಟತಟವನ್ನು ಎಣಿಸಿ ಎಕ್ಸ್‌ಚೇಂಜಿನ ರಿಲೇಗಳು ಯಾವ ನಂಬರೆಂದು ತಿಳಿಯುತ್ತಿದ್ದವು. ಇಲ್ಲಿಯೂ ಎಣಿಸಬೇಕಾದದ್ದು ಅಷ್ಟೇ: ಪಿಸ್ಟನ್ ಎಷ್ಟು ಸಲ ಹೊಡೆಯಿತು ಎಂದು. ಮೂರಾದ ಕೂಡಲೇ ಮೋಟಾರಿನ ಕರೆಂಟು ಕಡಿಯಬೇಕು, ಬೆರಳು ಎಷ್ಟೇ ಒತ್ತಿಕೊಂಡಿರಲಿ. ಮೊಬೈಲಿನಲ್ಲಿ ಹುಡುಕಿದರೆ ಹೊರದೇಶದವರು ಇದನ್ನು ಯಾವಾಗಲೋ ಮಾಡಿ ಮುಗಿಸಿದ್ದರು. ಉಗುರಗಲದ ಒಂದು ಸರ್ಕ್ಯೂಟ್ ಬೋರ್ಡು, ಅದನ್ನು ಟ್ರಿಗರಿನ ಹಳೇ ತಗಡಿನ ಸ್ವಿಚ್ಚಿನ ಜಾಗದಲ್ಲಿ ಕೂರಿಸುತ್ತಾರೆ. ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಿದೆ. ಜೊತೆಯಲ್ಲಿ ಬಂದ ವಿವರಣೆ ಚೀನಿಯರ ಭಾಷೆಯಲ್ಲಿತ್ತು. ಚಿತ್ರ ನೋಡಿ ಅರ್ಥ ಮಾಡಿಕೊಂಡೆ.

ನನ್ನ ಪಾಲಿನ ಬಂದೂಕು ನನ್ನ ಮನೆಯಲ್ಲೇ ಇತ್ತು. ಅಡಿಗೆಮನೆಯ ಮೇಜಿನ ಮೇಲೆ ಹಳೇ ಸೀರೆ ಹಾಸಿ ಅದನ್ನು ಬಿಚ್ಚಿದೆ. ಗೇರಿನ ಪೆಟ್ಟಿಗೆ ಬಿಚ್ಚುವಾಗ ಸ್ಪ್ರಿಂಗು ಚಿಮ್ಮಿ ಗೋಡೆಗೆ ಬಡಿದು ಅಕ್ಕಿ ಡಬ್ಬದ ಹಿಂದೆ ಬಿತ್ತು. ಮೊಣಕಾಲೂರಿ ಹುಡುಕುವಾಗ ನನಗೇ ನಗು ಬಂತು. ಹಳೇ ಸ್ವಿಚ್ಚು ತೆಗೆದು ಬೋರ್ಡು ಇಟ್ಟೆ. ಅದರ ಮೇಲೊಂದು ಪುಟ್ಟ ಕಣ್ಣು ಇರುತ್ತದೆ, ಗೇರು ಒಂದು ಸುತ್ತು ಮುಗಿಸಿದಾಗಲೆಲ್ಲ ಅದು ನೋಡಿ ಎಣಿಸುತ್ತದೆ. ಸಾಲ್ಡರಿಂಗ್ ಐರನ್ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಕರಗಿದ ಸೀಸದ ವಾಸನೆ ಮೂಗಿಗೆ ಬಂದ ಕೂಡಲೇ ಕೈ ತಾನಾಗಿ ಕೆಲಸ ಮಾಡಿತು.

ಮೊದಲ ಸಲ ಬ್ಯಾಟರಿ ಸಿಕ್ಕಿಸಿದಾಗ, ಟ್ರಿಗರ್ ಮುಟ್ಟುವ ಮೊದಲೇ ಮೋಟಾರು ಓಡಲು ಶುರುವಾಯಿತು. ಒಂದು ವೈರು ಪೆಟ್ಟಿಗೆಯ ಸಂದಿಯಲ್ಲಿ ಸಿಕ್ಕಿ ಸಿಪ್ಪೆ ಸುಲಿದಿತ್ತು. ಅದನ್ನು ಬದಲಾಯಿಸಿ ಮತ್ತೆ ಮುಚ್ಚಿದರೆ ಒಂದೇ ಒಂದು ಮಣಿ ಹಾರಿ ನಿಂತಿತು. ಆ ಪುಟ್ಟ ಕಣ್ಣಿಗೆ ಗ್ರೀಸು ಮೆತ್ತಿಕೊಂಡಿತ್ತು. ಒರೆಸಿದೆ. ಕಂಬಳಿಯನ್ನು ಬಟ್ಟೆ ತಂತಿಗೆ ನೇತುಹಾಕಿ ಅದರ ಕಡೆಗೆ ಹಿಡಿದು ಒತ್ತಿದೆ, ಒತ್ತಿಕೊಂಡೇ ಇದ್ದೆ. ಟಪ್ ಟಪ್ ಟಪ್. ಆಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ. ಮತ್ತೆ ಮೂರು. ಗೋಡೆಯಾಚೆಯಿಂದ ಪಕ್ಕದ ಮನೆಯವರು ಏನದು ಸದ್ದು ಎಂದು ಕೇಳಿದರು. ಸ್ಪ್ರೇಯರ್ ರಿಪೇರಿ ಎಂದೆ. ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಆದರೆ ಎಲ್ಲಿಂದ ಶುರುಮಾಡುವುದು ಎಂದು ತಿಳಿಯದೆ ಬ್ಯಾಟರಿ ಕಳಚಿ ಕಂಬಳಿ ಮಡಚಿದೆ.

ಆ ಭಾನುವಾರ ಫೋನು ಮಾಡದೆ ಹೋದೆ. ಅವನ ಹೆಂಡತಿ ಬಾಗಿಲು ತೆಗೆದವಳು ನನ್ನನ್ನೂ ಕೈಯಲ್ಲಿದ್ದ ಉದ್ದ ಚೀಲವನ್ನೂ ನೋಡಿ ದಾರಿ ಬಿಟ್ಟಳು. ಅವನು ಕಣಕ್ಕೆ ಬೆನ್ನು ಹಾಕಿ ಕೂತಿದ್ದ. ಬಂದೂಕನ್ನು ಅವನ ಮುಂದಿನ ಮೇಜಿನ ಮೇಲಿಟ್ಟೆ.

"ಇದ್ನ ಯಾಕೆ ತಂದೆ?"

"ಒಂದ್ಸಲ ಒತ್ತಿ ನೋಡು."

ಅವನು ಮುಖ ತಿರುಗಿಸಿದ. ಕಾಫಿ ಬಂತು, ಕುಡಿದೆವು. ಕಾಳುಮೆಣಸಿನ ಬಳ್ಳಿಗೆ ಬಂದ ರೋಗದ ಬಗ್ಗೆ ನಾನೊಬ್ಬನೇ ಮಾತಾಡಿದೆ. ಅಷ್ಟರಲ್ಲಿ ಹಿಂದೆ ಸಣ್ಣಗೆ ತಗಡಿನ ಸದ್ದು. ನೋಡಿದರೆ ಅವನ ಹೆಂಡತಿ ಮೋಟುಗೋಡೆಯ ಮೇಲೆ ಡಬ್ಬಿಗಳನ್ನು ಇಡುತ್ತಿದ್ದಳು. ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅವನು ಕತ್ತು ತಿರುಗಿಸಿ ಆ ಡಬ್ಬಿಗಳನ್ನು ನೋಡಿದ. ಆಮೇಲೆ ಕುರ್ಚಿ ತಿರುಗಿಸು ಎಂದು ಸನ್ನೆ ಮಾಡಿದ.

ಒತ್ತಿದ. ಮೂರು ಮಣಿ ಹಾರಿದವು, ಒಂದು ಡಬ್ಬಿ ಬಿತ್ತು, ಬಂದೂಕು ಸುಮ್ಮನಾಯಿತು. ಬೆರಳು ಟ್ರಿಗರಿಗೆ ಇನ್ನೂ ಕಚ್ಚಿಕೊಂಡಿತ್ತು. ಅವನು ಭುಜ ಬಿಗಿಹಿಡಿದು ಮುಂದಿನ ಸದ್ದಿಗೆ ಕಾದ. ಬರಲಿಲ್ಲ. ನಿಧಾನವಾಗಿ ಎಡಗೈಯಿಂದ ಬೆರಳು ಬಿಡಿಸಿಕೊಂಡು ಮತ್ತೆ ಒತ್ತಿದ. ಮತ್ತೆ ಮೂರು. ನನ್ನ ಕಡೆ ತಿರುಗಿ ಇದರೊಳಗೆ ಏನು ಮಾಡಿದೆ ಎಂದು ಕೇಳಿದ. ಹೇಳಿದೆ. ಅವನು ನಕ್ಕ. ಬಾಯಿಯ ಒಂದೇ ಬದಿ ಮೇಲೆ ಹೋಯಿತು, ಆದರೆ ನಗು ಹಳೇದೇ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ನನ್ನ ಭಾನುವಾರಗಳು ವಾಪಸು ಬಂದವು. ಮಾರ್ಚಿನ ಮಳೆ ಬಿದ್ದು ಕಾಫಿ ಹೂವಾಗಿ, ಇಡೀ ಗುಡ್ಡ ಮಲ್ಲಿಗೆ ಅಂಗಡಿಯ ಹಾಗೆ ಘಮಘಮಿಸುತ್ತಿದ್ದ ದಿನಗಳಲ್ಲಿ ನಾವು ಮತ್ತೆ ಕಣದಲ್ಲಿ ಕೂತಿದ್ದೆವು. ಅವನೇ ಗೆಲ್ಲುತ್ತಿದ್ದ. ನಾನು ಪಾತ್ರೆ ತೊಳೆಯುತ್ತಿದ್ದೆ. ವಾರವಿಡೀ ಬ್ಯಾಟರಿ ಚಾರ್ಜು ಮಾಡುವುದು, ಗ್ರೀಸು ಹಾಕುವುದು, ಮಣಿ ತರಿಸುವುದು, ಹೀಗೆ ಏನಾದರೊಂದು ಕೆಲಸವನ್ನು ಅದರ ಸುತ್ತ ಹುಡುಕಿಕೊಳ್ಳುತ್ತಿದ್ದೆ. ಇದು ಹೀಗೆಯೇ ನಡೆಯುತ್ತದೆ ಎಂದುಕೊಂಡಿದ್ದೆ.

ಒಂದು ಭಾನುವಾರ ಅವನು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಡಬ್ಬಿಗಳ ಕಡೆ ನೋಡದೆ ಹೇಳಿದ: "ಇದ್ರೊಳ್ಗೆ ಇಟ್ಟಿದ್ನ ತೆಗ್ದುಬುಡು ಮಾರಾಯ."

"ಯಾಕೆ, ಸರಿಯಾಗಿ ಕೆಲ್ಸ ಮಾಡ್ತಿಲ್ವಾ?"

"ಮಾಡ್ತೈತೆ. ಅದಕ್ಕೇ ತೆಗಿ." ಸ್ವಲ್ಪ ಸುಧಾರಿಸಿಕೊಂಡ. ಒಂದೊಂದೇ ಮಾತನ್ನು ಹುಡುಕಿ ತೆಗೆಯುತ್ತಿದ್ದ. "ಬಂದೂಕೇ ನಿಂತ್ಬುಟ್ರೆ... ನನ್ ಬೆರಳು ಯಾಕೆ ಬಿಡ್ತೈತೆ?"

ಮಂಗಳೂರಿನಲ್ಲಿ ಅವನಿಗೆ ವ್ಯಾಯಾಮ ಹೇಳಿಕೊಟ್ಟವರು, ಬೆರಳಿಗೆ ಮಡಚುವುದು ಬಂದಿದೆ, ಬಿಚ್ಚುವುದನ್ನು ಕಲಿಸಿ ಎಂದಿದ್ದರಂತೆ. ಇಷ್ಟು ದಿನ ಅದಕ್ಕೆ ಅವನಿಗೆ ಮನಸ್ಸಿರಲಿಲ್ಲ. ಈಗ ಬಂದಿತ್ತು. ಸರಿ ಎಂದೆ. ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಆದರೆ ಎರಡು ಮೂರು ದಿನ ಅದನ್ನು ಬಿಚ್ಚಲಿಲ್ಲ. ಬೇಜಾರಾಗಿತ್ತು ಎಂದರೆ ಸಾಲದು. ನನ್ನ ಕೈಯಿಂದ ಒಂದು ಉಪಕಾರವಾಯಿತು, ಅದು ಇರುವವರೆಗೆ ನನಗೂ ಅಲ್ಲಿ ಒಂದು ಕುರ್ಚಿ ಇದೆ ಎಂಬ ಲೆಕ್ಕ ಮನಸ್ಸಿನಲ್ಲಿ ಎಲ್ಲೋ ಇತ್ತು ಎಂದು ತೋರುತ್ತದೆ. ಬುಧವಾರವೋ ಗುರುವಾರವೋ ಬೋರ್ಡು ಕಿತ್ತು ಹಳೇ ಸ್ವಿಚ್ಚನ್ನೇ ಕೂರಿಸಿದೆ. ಹಾಕುವುದಕ್ಕಿಂತ ತೆಗೆಯುವುದು ಸುಲಭವಾಗಿತ್ತು.

ಆಮೇಲಿನ ಭಾನುವಾರಗಳು ಬೇರೆ ತರ. ಅವನು ಒತ್ತುವನು. ಬಂದೂಕು ಗರ್ರನೆ ಹೊರಟು ಮಣಿಯೆಲ್ಲ ಖಾಲಿಯಾಗುವುದು. ಎಡಗೈಯನ್ನು ಬೇಕೆಂದೇ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಬೆರಳಿಗೆ ಕೊಂಕಣಿಯಲ್ಲಿ ಬೈಯುತ್ತಿದ್ದ. ಬೆವರು ಹರಿಯುತ್ತಿತ್ತು. ನಾನು ಮ್ಯಾಗಜೀನು ತುಂಬಿಕೊಡುವುದು, ಕಣದಲ್ಲಿ ಚೆಲ್ಲಿದ ಬಿಳಿ ಮಣಿಗಳನ್ನು ಪೊರಕೆಯಿಂದ ಗುಡಿಸಿ ತರುವುದು. ಮಾತಿಲ್ಲ, ಸ್ಪರ್ಧೆ ಇಲ್ಲ, ಡಬ್ಬಿ ಇಡುವುದನ್ನೂ ಬಿಟ್ಟಿದ್ದೆವು. ಅವನಿಗೂ ಅವನ ಬೆರಳಿಗೂ ನಡುವೆ ಏನೋ ನಡೆಯುತ್ತಿತ್ತು, ಅದರಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ. ನನ್ನ ಮನೆಯಲ್ಲಿ ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಒಂಟಿಯಾಗಿ ಅವನ ಪಕ್ಕದ ಮೋಟುಗೋಡೆಯ ಮೇಲೆ ಕೂತಿರುತ್ತಿದ್ದೆ. ಕೆಳಗೆ ಘಟ್ಟದಲ್ಲಿ ಗೂಡ್ಸ್ ರೈಲು ಏದುಸಿರು ಬಿಡುತ್ತಾ ಹತ್ತುವ ಸದ್ದು ಕೇಳುತ್ತಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ. ಅವನೂ ಬರಬೇಡ ಎನ್ನಲಿಲ್ಲ.

ಮಳೆಗಾಲ ಶುರುವಾಗುವ ಮುಂಚಿನ ಒಂದು ಬೆಳಗ್ಗೆ, ನಾನು ಪೊರಕೆ ಹಿಡಿದು ಕಣದ ಮೂಲೆಯಲ್ಲಿದ್ದೆ. ಬೆನ್ನ ಹಿಂದೆ ಬಂದೂಕು ಹೊರಟಿತು. ಅದು ಪೂರ್ತಿ ಮುಗಿಯುವ ಹೊತ್ತು ನನ್ನ ಕಿವಿಗೆ ಬಾಯಿಪಾಠವಾಗಿತ್ತು. ಆದರೆ ಸದ್ದು ನಡುವೆಯೇ ಕಡಿಯಿತು. ತಿರುಗಿದೆ. ಅವನ ತೋರುಬೆರಳು ಟ್ರಿಗರಿನಿಂದ ಒಂದು ಎಳೆಯಷ್ಟು ದೂರ ನಡುಗುತ್ತಾ ನಿಂತಿತ್ತು. ಎಡಗೈ ತೊಡೆಯ ಕೆಳಗೇ ಇತ್ತು.

"ನಿಂತಿದ್ದು ಕೇಳ್ತಾ?" ಎಂದ.

"ಕೇಳ್ತು ಕಣೋ."

ಬಂದೂಕನ್ನು ಅಲ್ಲಾಡಿಸಿ ಮ್ಯಾಗಜೀನಿನಲ್ಲಿ ಉಳಿದಿದ್ದ ಮಣಿಗಳ ಸದ್ದನ್ನು ನನಗೆ ಕೇಳಿಸಿದ. ಹೆಂಡತಿಯನ್ನು ಕೂಗಿ ಕರೆದು ಅವಳಿಗೂ ಕೇಳಿಸಿದ. ಅವಳು ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಅತ್ತಳು. ಆವತ್ತು ಪಾತ್ರೆಯನ್ನು ಅವನೇ ತೊಳೆಯುತ್ತೇನೆಂದು ಹಟ ಹಿಡಿದ. ಒಂದು ಪಿಂಗಾಣಿ ಬಟ್ಟಲು ಒಡೆಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಮಂಗಳೂರಿಗೆ ಹೋಗುವುದು ಗೊತ್ತಾಯಿತು. ನನಗೆ ಹೇಳಿದ್ದು ಅವನ ಹೆಂಡತಿ, ಅಡಿಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡು. "ನಿಮ್ಗೆ ಹೆಂಗೆ ಹೇಳೋದು ಅಂತ ಅವ್ರು ಒದ್ದಾಡ್ತಿದಾರೆ ಅಣ್ಣ," ಎಂದಳು. ಅಲ್ಲಿ ಅವಳ ಅಕ್ಕತಂಗಿಯರಿದ್ದಾರೆ, ಆಸ್ಪತ್ರೆ ಹತ್ತಿರ, ನಡೆಯಲು ಸಮನೆಲ. ಇಲ್ಲಿ ಮತ್ತೊಮ್ಮೆ ಬಿದ್ದರೆ ಆನೆ ದಾರಿ ಬಿಡುವವರೆಗೆ ಕಾಯಬೇಕು. ತೋಟವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟಾಗಿತ್ತು. ಒಳ್ಳೇದೇ ಆಯಿತು ಎಂದೆ. ಒಳ್ಳೆಯದೇ ಆಗಿತ್ತು, ಸುಳ್ಳೇನೂ ಹೇಳಲಿಲ್ಲ.

ಸಾಮಾನು ತುಂಬುವ ದಿನ ಹೋಗಿ ಹಗ್ಗ ಬಿಗಿದುಕೊಟ್ಟೆ. ಎರಡೂ ಬಂದೂಕುಗಳನ್ನು ಅವನು ಹೋಂಸ್ಟೇ ನಡೆಸುವ ಒಬ್ಬರಿಗೆ ಮೊದಲೇ ಕೊಟ್ಟುಬಿಟ್ಟಿದ್ದ. ಫ್ಲಾಟಿನ ಬಾಲ್ಕನಿಯಲ್ಲಿ ಅದನ್ನು ಹಿಡಿದು ನಿಂತರೆ ಪೊಲೀಸರು ಬರುತ್ತಾರೆ ಎಂದು ನಕ್ಕ. ಹೊರಡುವಾಗ ಕಾರಿನ ಕಿಟಕಿಯಿಂದ ಬಲಗೈಯನ್ನೇ ಚಾಚಿದ. ಹಿಡಿದುಕೊಂಡೆ. ಬಿಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನೂ ಎಳೆದುಕೊಳ್ಳಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಂಗಳೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿಗೆ ಅವನೇ ಬಂದಿದ್ದ, ಕೋಲು ಊರಿಕೊಂಡು, ಒಬ್ಬನೇ. ದಾರಿಯಲ್ಲಿ ಬಂಗುಡೆ ಕೊಂಡ. ಮೀನು ಮಾರುವ ಹೆಂಗಸಿನ ಜೊತೆ ತುಳುವಿನಲ್ಲಿ ಚೌಕಾಸಿ ಮಾಡಿದ, ಅವನಿಗೆ ತುಳು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮನೆ ತುಂಬ ಜನ. ಅವನ ಹೆಂಡತಿಯ ಅಕ್ಕತಂಗಿಯರು, ಅವರ ಗಂಡಂದಿರು, ಮೊಮ್ಮಕ್ಕಳು, ಎಲ್ಲರೂ ಕೊಂಕಣಿಯಲ್ಲಿ ಒಟ್ಟಿಗೇ ಮಾತಾಡುತ್ತಿದ್ದರು. ನಡುವೆ ಅವನು ಏನೋ ಹೇಳಿದರೆ ಎಲ್ಲರೂ ನಗುತ್ತಿದ್ದರು. ನನಗಾಗಿ ಆಗಾಗ ಕನ್ನಡದಲ್ಲಿ ತಿರುಗಿಸಿ ಹೇಳುತ್ತಿದ್ದರು. ಅಷ್ಟರಲ್ಲಿ ಮುಂದಿನ ಮಾತು ಶುರುವಾಗಿರುತ್ತಿತ್ತು. ಊಟ ಹೊಟ್ಟೆ ತುಂಬ ಬಡಿಸಿದರು. ಉಳಿದುಕೊಳ್ಳಿ ಎಂದು ಬಲವಂತ ಮಾಡಿದರು. ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಗುಂಡ್ಯ ದಾಟಿ ಘಟ್ಟ ಹತ್ತುವಾಗ ತಣ್ಣನೆ ಗಾಳಿ ಬಂತು. ದೋಣಿಗಲ್ಲಿನಲ್ಲಿ ಇಬ್ಬರು ಇಳಿದರು. ಕಂಡಕ್ಟರು ನನ್ನ ಮುಖ ನೋಡಿ, ಇಳಿಯುವುದಿಲ್ಲವೇ ಎಂದು ಕೇಳಿದ. ಹಳೇ ಪರಿಚಯ. ಇಲ್ಲ, ಬಾಳ್ಳುಪೇಟೆಗೆ ಎಂದೆ. ಸಂಜೆ ಬೆಳಕಿರುವಾಗಲೇ ಮನೆ ತಲುಪಿದೆ. ಬೀಗ ತೆಗೆದು, ಕೈಕಾಲು ತೊಳೆದು, ಒಬ್ಬನಿಗಾಗುವಷ್ಟು ಅನ್ನಕ್ಕಿಟ್ಟೆ.